ಗೋಡೆ ನೆಕ್ಕುವ ಎತ್ತು

ಮತ್ತೆ ನೆಕ್ಕುತ್ತಿದೆ, ಅದೇ ಜಾಗ, ಅದೇ ಎತ್ತರ, ಶಾಮಿಯಾನದ ಕೊನೆಯ ಕಂಬದಾಚೆ ಬಿಸಿಲಲ್ಲಿ ನಿಂತು ಗೋಡೆಯನ್ನು ನೆಕ್ಕುತ್ತಿದೆ, ನಾಲಿಗೆ ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ, ಗೋಡೆಗೆ ಬಳಿದ ಸುಣ್ಣ ಅಷ್ಟಗಲ ಮಾತ್ರ ಹೋಗಿ ಸಿಮೆಂಟು ಕಾಣುತ್ತಿದೆ, ಯಾರೂ ಅತ್ತ ನೋಡುತ್ತಿಲ್ಲ, ವೇದಿಕೆಯ ಮೇಲೆ ಕೂತವರಲ್ಲಿ ನೋಡುತ್ತಿರುವವಳು ನಾನೊಬ್ಬಳೇ, ನಾನೂ ನೋಡಬಾರದು, ಮುಖ ನೇರ ಇಟ್ಟುಕೊಳ್ಳಬೇಕು, ಸನ್ಮಾನಿತರ ಮಗಳು, ಚಳ್ಳಕೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಶಶಿರೇಖಾ ಮೇಡಂ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟು ಬೆವರುತ್ತ ಕೂತಿದ್ದೇನೆ, ಏಪ್ರಿಲ್ ತಿಂಗಳಲ್ಲಿ ರೇಷ್ಮೆ, ಯಾವ ಪುಣ್ಯಾತ್ಮ ಹೇಳಿದನೋ — ಮಲ್ಲಿಕಾರ್ಜುನಪ್ಪನವರೇ ಹೇಳಿದ್ದು, ಎಣ್ಣೆ ಮಿಲ್ಲಿನ ಮಾಲೀಕರು, ಈ ಸಮಾರಂಭದ ಸಮಿತಿಗೆ ಅಧ್ಯಕ್ಷರು, ಮೇಡಂ ನಮ್ ಕಡೆ ಸೀರೆನೇ ಉಟ್ಕಂಡ್ ಬರ್ರಿ, ಸಾಹೇಬ್ರಿಗೆ ನಮ್ ಸಂಸ್ಕೃತಿ ಗೊತ್ತಾಗ್ಲಿ. ಸಂಸ್ಕೃತಿ. ಎಷ್ಟು ಗೂಡುಗಳನ್ನು ಹುಳುವಿನ ಸಮೇತ ಕುದಿನೀರಿಗೆ ಹಾಕಿದರೆ ಒಂದು ಸೆರಗಾಗುತ್ತದೆ ಅಂತ ಗೋಡೆಯೊಳಗಿನ ಪರೀಕ್ಷಾ ಕೇಂದ್ರದ ಸಾಹೇಬರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಪಕ್ಕದಲ್ಲಿ ಅಪ್ಪ, ಹುಲಿಯಪ್ಪ, ದೇವರೆತ್ತುಗಳನ್ನು ಕಾಯುವ ಕಿಲಾರಿ, ಮುದಿ ಮೈಯನ್ನು ಕುರ್ಚಿಯ ತುದಿಗಷ್ಟೇ ತಾಗಿಸಿ ಕೂತಿದ್ದಾನೆ, ಕಣ್ಣಲ್ಲಿ ಹಬ್ಬ, ನನ್ನ ಕಿವಿಯ ಹತ್ತಿರ ಬಾಗಿ ಮತ್ತೆ ಕೇಳುತ್ತಾನೆ, ಇವತ್ತು ಗೋಡೆ ಬಾಗ್ಲು ತೆಗೀತಾರಲ್ಲಮ್ಮಾ, ತೆಗೀತಾರಪ್ಪ ಸುಮ್ನಿರು, ದೊಡ್ಡಯ್ಯ ವಾರದಿಂದ ನೀರು ಮುಟ್ಟಿಲ್ಲ ಕಣೇ, ಗೊತ್ತಪ್ಪ. ಗೊತ್ತು. ದೊಡ್ಡಯ್ಯ ಅಂದರೆ ಅದೇ, ಗೋಡೆ ನೆಕ್ಕುತ್ತಿರುವ ಎತ್ತು, ಹಿಂಡಿಗೆ ಹಿರಿಯ, ದೇವರ ಹೆಸರಿಗೆ ಬಿಟ್ಟದ್ದು, ನೊಗ ಕಾಣದ್ದು, ಮಾರುವಂತಿಲ್ಲ, ಹೊಡೆಯುವಂತಿಲ್ಲ, ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡಬೇಕು, ಮಣ್ಣು ಮಾಡುವ ಜಾಗ ಗೋಡೆಯೊಳಗಿದೆ, ಕುಡಿಯುವ ಕಟ್ಟೆ ಗೋಡೆಯೊಳಗಿದೆ, ಹಿಂಡಿನ ಉಳಿದ ಎತ್ತುಗಳು ಹಟ್ಟಿಯ ತೊಟ್ಟಿಯಲ್ಲಿ ಟ್ಯಾಂಕರ್ ನೀರು ಕುಡಿದುಕೊಂಡಿವೆ, ಇದೂ ಇಷ್ಟು ವರ್ಷ ಕುಡಿದುಕೊಂಡೇ ಇತ್ತು, ಈಗ ಮುದಿತನದಲ್ಲಿ ಹಟ, ಹುಟ್ಟಿದ ಕಟ್ಟೆಯ ನೀರೇ ಆಗಬೇಕು, ಒಳಗಿನಿಂದ ಬಕೆಟ್ಟಿನಲ್ಲಿ ತಂದರಾಗದೇ ಅಂದೆ — ಬ್ಯಾಡ, ಹೊತ್ತು ತಂದ ನೀರು ದೇವ್ರೆತ್ತು ಕುಡಿಯಲ್ಲ, ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ ಅಪ್ಪ. ಈ ಮನುಷ್ಯನ ಮೇಲೂ ನನಗೆ ಸಿಟ್ಟಿದೆ.

ವೇದಿಕೆಯ ಮುಂದೆ ಕಲ್ಲು, ಹಳದಿ ಬಟ್ಟೆ ಹೊದಿಸಿ ರಿಬ್ಬನ್ ಕಟ್ಟಿದ ಕಲ್ಲು, ಬ್ರಹ್ಮಗಿರಿಯ ಅಶೋಕನ ಶಾಸನದ ನಕಲಂತೆ, ಯಂತ್ರದಲ್ಲಿ ಕೊರೆಸಿ ಪಾಲಿಶ್ ಹಾಕಿಸಿದ್ದಾರೆ, ಮೂಲ ಬಂಡೆ ಸಿದ್ದಾಪುರದ ಹತ್ತಿರ ಇದ್ದ ಹಾಗೇ ಇದೆ, ಒರಟು, ಅಕ್ಷರ ಹುಡುಕಬೇಕು, ಇದರಲ್ಲಿ ಮುಖ ನೋಡಿಕೊಳ್ಳಬಹುದು. ನನ್ನ ಕೆಲಸ ಇದರ ಅರ್ಥ ಹೇಳುವುದು, ಸನ್ಮಾನ ಆದ ಮೇಲೆ ಮೈಕಿನ ಮುಂದೆ ಹೋಗಿ ಹೇಳಬೇಕು, ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಎಂಥ ಮಾತುಗಳು, ಯಾರು ಬೇಡವೆನ್ನುತ್ತಾರೆ, ಎಲ್ಲಿ ನಿಲ್ಲಿಸುತ್ತಿದ್ದಾರೆ ನೋಡು — ಪೈಲಟ್ ಇಲ್ಲದೆ ಹಾರಿ, ಹೇಳಿದ ಜಾಗಕ್ಕೆ ಹೋಗಿ, ಹೇಳಿದ ಕೆಲಸ ಮುಗಿಸುವ ಯಂತ್ರಗಳನ್ನು ಪರೀಕ್ಷೆ ಮಾಡುವ ಅಂಗಳದ ಬಾಗಿಲಿಗೆ. ಬೆಳಿಗ್ಗೆಯಿಂದ ಗೋಡೆಯಾಚೆ ಒಂದು ಗುಂಯ್‌ಗುಟ್ಟುತ್ತಲೇ ಇದೆ, ಇವತ್ತು ಸಮಾರಂಭ ಅಂತಲೂ ಬಿಡುವಿಲ್ಲ. ಬಾಗಿಲಲ್ಲಿ ಪ್ರಾಣಿದಯೆ, ಒಳಗೆ ಇದು. ನಗು ಬರಬೇಕು, ಬರುತ್ತಿಲ್ಲ, ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ. ಮೂಲ ಶಾಸನವಾದರೂ ಶುರುವಾಗುವುದು ಹೇಗೆ, ಇಸಿಲದ, ಅಂದರೆ ಆ ಬಂಡೆಯ ಪಕ್ಕದ ಹಳೆಯ ಊರಿನ, ಮಹಾಮಾತ್ರರ ಆರೋಗ್ಯ ವಿಚಾರಿಸಿಕೊಂಡು, ಅಂದರೆ ಅಧಿಕಾರಿಗಳದು, ಮೊದಲು ಸಾಹೇಬರು ಹೇಗಿದ್ದೀರಿ, ಆಮೇಲೆ ಧರ್ಮ, ಇಸಿಲದಲ್ಲಿ ದನ ಕಾಯುವವನ ಆರೋಗ್ಯ ಯಾರು ಕೇಳಿದರು, ಬೇಡನ ಆರೋಗ್ಯ ಯಾರು ಕೇಳಿದರು. ಇದೇ ಅಶೋಕ ಕಳಿಂಗದಲ್ಲಿ ಲಕ್ಷ ಜನರನ್ನು ಕೊಂದು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿ, ಆಮೇಲೆ ಅತ್ತ, ಅತ್ತಿದ್ದನ್ನು ಕಲ್ಲಿನಲ್ಲಿ ಬರೆಸಿದ, ಕಳಿಂಗದಲ್ಲಿ ಮಾತ್ರ ಬರೆಸಲಿಲ್ಲ, ಅಳಿಸಿಕೊಂಡವರಿಗೆ ಅತ್ತವನ ಸುದ್ದಿ ಬೇಡವೆನಿಸಿರಬೇಕು, ಅದೇ ಪಶ್ಚಾತ್ತಾಪದ ಶಾಸನದಲ್ಲಿ ಮುಂದಿನ ಸಾಲು, ಕಾಡಿನ ಜನ ಹುಷಾರಾಗಿರಲಿ, ದೊರೆ ಮರುಗಿದ್ದಾನೆ ನಿಜ, ಆದರೆ ಶಿಕ್ಷಿಸುವ ಶಕ್ತಿ ಇನ್ನೂ ಇದೆ. ಕಾಡಿನ ಜನ ಅಂದರೆ ನಾವು. ನಮ್ಮಂಥವರು. ಪಠ್ಯಪುಸ್ತಕ ಪಶ್ಚಾತ್ತಾಪಕ್ಕೆ ನಿಲ್ಲುತ್ತದೆ, ಮುಂದಿನ ಸಾಲು ಇಲ್ಲ, ಪ್ರಶ್ನೆಪತ್ರಿಕೆಯಲ್ಲೂ ಇಲ್ಲ, ನಾಗರಿಕತೆಗಳು ಡ್ಯಾಶ್ ದಂಡೆಗಳ ಮೇಲೆ ಹುಟ್ಟಿದವು, ಬಿಟ್ಟ ಸ್ಥಳ ತುಂಬಿರಿ, ನದಿ ಅಂತ ಬರೆದರೆ ಒಂದು ಅಂಕ. ಕೋಟೆ, ಕಣಜ, ಚರಂಡಿ, ಅಳತೆಯ ಇಟ್ಟಿಗೆ, ಹರಪ್ಪ ನಗರದ ಲಕ್ಷಣಗಳನ್ನು ಪಟ್ಟಿ ಮಾಡಿ. ಕೋಟೆ ಅಂದ ಮೇಲೆ ಹೊರಗೆ ಯಾರೋ ಇದ್ದಿರಬೇಕಲ್ಲ, ಪಿರಮಿಡ್ಡಿನ ಕಲ್ಲನ್ನು ಯಾರೋ ಎಳೆದಿರಬೇಕಲ್ಲ, ರೋಮಿನ ನೇರ ರಸ್ತೆಯ ಮೇಲೆ ಮೊದಲು ನಡೆದದ್ದು ಸೈನ್ಯವಲ್ಲದೆ ಮತ್ತೇನು, ಆ ಪ್ರಶ್ನೆ ಯಾವ ವರ್ಷವೂ ಬಂದಿಲ್ಲ. ಸುಮ್ಮನೆ ಕೊಲ್ಲುವವನನ್ನು ಕೊಲೆಗಾರ ಅನ್ನುತ್ತೇವೆ, ಲೆಕ್ಕ ಇಟ್ಟು, ಸಂಬಳ ಕೊಟ್ಟು, ರಸ್ತೆ ಹಾಕಿಸಿ ಕೊಲ್ಲಿಸಿದವನಿಗೆ ಒಂದು ಪಾಠವನ್ನೇ ಬಿಟ್ಟುಕೊಡುತ್ತೇವೆ. ಸಾಹೇಬರು ನನ್ನತ್ತ ನೋಡಿ ತಲೆಯಾಡಿಸಿದರು, ನಾನೂ ಆಡಿಸಿದೆ.

ನೆಕ್ಕುತ್ತಲೇ ಇದೆ. ಆ ಗೋಡೆ ಎಲ್ಲಿ ನಿಂತಿದೆ ಅಂತ ನನಗೆ ಗೊತ್ತು, ಎತ್ತಿಗೂ ಗೊತ್ತು, ಅದರದೇ ಹೆಜ್ಜೆಯ ಮೇಲೆ ನಿಂತಿದೆ. ತಮ್ಮ ಪ್ರದೀಪ ಆಗ ಹೈಸ್ಕೂಲು, ಸರ್ವೆಯವರು ಮೂರು ಕಾಲಿನ ಯಂತ್ರ ಇಟ್ಟುಕೊಂಡು ಕಕ್ಕೆಗುಡ್ಡದ ಕಾವಲಿಗೆ, ನಮ್ಮ ಎತ್ತು ಮೇಯುವ ಹುಲ್ಲುಗಾವಲಿಗೆ ಬಂದರು, ಅವರಲ್ಲೊಬ್ಬ ಚಿಕ್ಕ ವಯಸ್ಸಿನ ಅಧಿಕಾರಿ ಹಟ್ಟಿಯಲ್ಲಿ ಚಾಪೆಯ ಮೇಲೆ ಕೂತು ಮಜ್ಜಿಗೆ ಕುಡಿದು ಕೇಳಿದ, ಯಜಮಾನರೇ, ನಿಮ್ಮ ದೇವರೆತ್ತು ಎಲ್ಲಿವರೆಗೆ ಮೇಯುತ್ತವೆ, ತೋರಿಸಿಕೊಟ್ಟರೆ ನಮಗೂ ಅನುಕೂಲ. ಎಷ್ಟು ಮರ್ಯಾದೆಯ ಹುಡುಗ. ಅಪ್ಪನ ಎದೆ ಉಬ್ಬಿತು, ದೇವರೆತ್ತು ತುಳಿದ ನೆಲ ದೇವರದು, ಅದನ್ನು ಯಾರೂ ಮುಟ್ಟಲಾರರು, ಹಟ್ಟಿಯಲ್ಲಿ ಎಲ್ಲರಿಗೂ ಅದೇ ನಂಬಿಕೆ, ಹಾಗಾದರೆ ಪೂರ್ತಿ ಸುತ್ತ ತುಳಿಸಿಯೇ ಬಿಡೋಣ, ಒಂದು ಗೇಣೂ ಬಿಡಬಾರದು. ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ, ಮುಂದೆ ಉರುಮೆ ಬಡಿಯುವವರು, ಬಿಳಿ ಪಂಚೆಯಲ್ಲಿ ಅಪ್ಪ, ಅಪ್ಪನ ಹಿಂದೆ ದೊಡ್ಡಯ್ಯ, ಆಗ ಅದು ಎಳೆಯ ಹೋರಿ, ಕಾವಲಿನ ಸುತ್ತಳತೆಯುದ್ದಕ್ಕೂ ನಡೆಸಿದರು, ಹಿಂದೆಯೇ ಸರ್ವೆಯವರ ಕೂಲಿಗಳು ಬುಟ್ಟಿಯಲ್ಲಿ ಸುಣ್ಣ ಹಿಡಿದು ಗೊರಸಿನ ಗುರುತಿನ ಮೇಲೆ ಸುರಿಯುತ್ತ ಬಂದರು. ನಾವು ಹೆಂಗಸರು ದೂರದ ದಿಬ್ಬದಲ್ಲಿ, ದೇವರೆತ್ತಿನ ಹತ್ತಿರ ಹೋಗುವಂತಿಲ್ಲ, ಅವ್ವ ಹುಚ್ಚಕ್ಕ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಅಂದಳು, ಹಿಂದೆ ಸುಣ್ಣ ಯಾಕೆ ಹಾಕ್ತಾ ಬರ್ತಾವ್ರೆ, ನಿಮ್ಮಪ್ಪನ್ನ ಕೇಳೇ. ಕೇಳುವುದು ಹೇಗೆ, ಅಲ್ಲಿಗೆ ನಾವು ಹೋಗುವಂತಿಲ್ಲವಲ್ಲ. ಅವ್ವನ ಮಾತು ದಿಬ್ಬದಲ್ಲೇ ಉಳಿಯಿತು, ಅವ್ವನೂ ಈಗಿಲ್ಲ. ಸುಣ್ಣದ ಗೆರೆಯ ಮೇಲೆ ಕಂಬ ಬಂತು, ಕಂಬದ ಮೇಲೆ ತಂತಿ, ತಂತಿ ಹೋಗಿ ಗೋಡೆ, ಒಂದು ಗೇಣೂ ಆಚೀಚೆ ಆಗಲಿಲ್ಲ, ಅಷ್ಟು ಪ್ರಾಮಾಣಿಕವಾಗಿ ಅಪ್ಪ ತೋರಿಸಿಕೊಟ್ಟಿದ್ದ. ಹಳೆಯ ರಾಜರು ಕುದುರೆ ಬಿಡುತ್ತಿದ್ದರು, ಕುದುರೆ ನಡೆದಷ್ಟು ನೆಲ ರಾಜನದು, ನಡೆದು ನಡೆದು ವಾಪಸ್ಸು ಬಂದ ಕುದುರೆಯನ್ನು ಕೊನೆಗೆ ಏನು ಮಾಡುತ್ತಿದ್ದರು ಅಂತ ಎಂಟನೇ ತರಗತಿಯಲ್ಲಿ ಸೌಂದರ್ಯ ಕೇಳಿದಳು, ಮೊದಲ ಬೆಂಚಿನ ಹುಡುಗಿ, ಹೇಳಿದೆ, ಅಯ್ಯೋ ಪಾಪ ಮಿಸ್ ಅಂದಳು. ಕಾವಲುಗಳ ಕಥೆಯೂ ಬೇರೆಯಲ್ಲ, ಅರಮನೆಯ ದನಗಳ ಇಲಾಖೆಗೆ ಅರಸರ ಕಾಲದಲ್ಲಿ ಹೆಸರು ಬೆಣ್ಣೆ ಚಾವಡಿ, ಸುಲ್ತಾನನ ಕಾಲಕ್ಕೆ ಅಮೃತಮಹಲ್, ಬೆಣ್ಣೆಯಂತೆ, ಅಮೃತವಂತೆ, ಹೆಸರು ಕೇಳಿದರೆ ಬಾಯಲ್ಲಿ ನೀರೂರಬೇಕು, ಆ ಎತ್ತುಗಳು ಎಳೆದದ್ದು ಫಿರಂಗಿ, ಓಡುತ್ತ ಎಳೆಯುತ್ತಿದ್ದವು, ಅದಕ್ಕೇ ಅವಕ್ಕೆ ಅಷ್ಟು ಬೆಲೆ, ಇಂಗ್ಲಿಷರು ಗೆದ್ದ ಕೂಡಲೇ ಅವನ್ನೂ ಬಿಡದೆ ತೆಗೆದುಕೊಂಡರು, ಅವರಿಗೂ ಎಳೆಯುವುದಕ್ಕೆ ಫಿರಂಗಿ ಇದ್ದವಲ್ಲ. ಹೆಸರು ಎಷ್ಟು ಸಿಹಿಯಾಗಿದ್ದರೆ ಅಷ್ಟು ಅನುಮಾನ ಪಡಬೇಕು ಅಂತ ಮಕ್ಕಳಿಗೆ ಹೇಳಿಕೊಡಬೇಕು. ಗೋಡೆಯಲ್ಲಿ ಬಿಟ್ಟ ಈ ಕಬ್ಬಿಣದ ಬಾಗಿಲಿಗೂ ಒಂದು ಹೆಸರಿದೆ, ನಂದಿದ್ವಾರ, ದೇವರೆತ್ತುಗಳಿಗಾಗಿಯೇ ಮಾಡಿಸಿದ್ದು ಅಂತ ಬೋರ್ಡಿದೆ, ಮಾಡಿಸಿದ ದಿನದಿಂದ ಒಮ್ಮೆಯೂ ತೆಗೆದಿಲ್ಲ, ಅದರ ಕಾವಲಿಗೆ ಗುತ್ತಿಗೆಯ ಮೇಲೆ ನಿಂತಿರುವವನು ಬೇರೆ ಯಾರೂ ಅಲ್ಲ, ನನ್ನ ತಮ್ಮ ಪ್ರದೀಪ, ಕಿಲಾರಿ ಹುಲಿಯಪ್ಪನ ಒಬ್ಬನೇ ಮಗ, ನೀಲಿ ಸಮವಸ್ತ್ರ, ಸೊಂಟದಲ್ಲಿ ವಾಕಿಟಾಕಿ, ಸ್ಥಳೀಯರಿಗೆ ಉದ್ಯೋಗ.

ಚಪ್ಪಾಳೆ. ಯಾಕೆ ಚಪ್ಪಾಳೆ — ಬಟ್ಟೆ ಸರಿದಿದೆ, ಕಲ್ಲು ಹೊಳೆಯುತ್ತಿದೆ, ಈಗ ನಮ್ಮ ಹಿರಿಯರಾದ ಶ್ರೀ ಹುಲಿಯಪ್ಪನವರಿಗೆ, ಮಲ್ಲಿಕಾರ್ಜುನಪ್ಪನವರ ದನಿ ಮೈಕಿನಲ್ಲಿ ಒಡೆಯುತ್ತಿದೆ, ಅಪ್ಪ ಎದ್ದ, ತಲೆಗೆ ಪೇಟ ಇಟ್ಟರು, ಮೊಳಕಾಲ್ಮೂರಿನ ರೇಷ್ಮೆ ಶಾಲು ಹೊದಿಸಿದರು, ಹಾರ, ಹಣ್ಣಿನ ಬುಟ್ಟಿ, ಫೋಟೊದವನು ಯಜಮಾನ್ರೇ ಈ ಕಡೆ ಅನ್ನುತ್ತಾನೆ, ಅಪ್ಪ ಆ ಕಡೆ ನೋಡುತ್ತಿದ್ದಾನೆ, ಗೋಡೆಯ ಕಡೆ. ಒಂದೆರಡ್ ಮಾತಾಡ್ರಿ ಹುಲಿಯಪ್ನೋರೇ. ಅಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದ, ನಂದೇನೈತೆ ಸ್ವಾಮಿ, ಬಾಗ್ಲು ತೆಗೀರಿ ಸಾಕು, ನಮ್ ದೊಡ್ಡಯ್ಯ ಒಳಕ್ ಹೋಗಿ ಕಟ್ಟೆ ನೀರು ಕುಡ್ಕಂಡ್ ಬರ್ತಾನೆ, ಅಲ್ಲೇ ಮಲಿಕ್ಕಂಬ್ತೀನಿ ಅಂದ್ರೆ ಅಲ್ಲೇ ಮಣ್ಣು ಮಾಡ್ತೀವಿ, ಅಷ್ಟೇಯ. ಜೋರು ಚಪ್ಪಾಳೆ, ಎಷ್ಟು ಮುಗ್ಧ ಮನುಷ್ಯ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು, ಮುಗ್ಧ, ನಮ್ಮ ನೆಲ ತೆಗೆದುಕೊಂಡವರು ನಮಗೆ ವಾಪಸ್ಸು ಕೊಡುವುದು ಇಂಥ ಮಾತುಗಳನ್ನೇ. ಸಾಹೇಬರು ಗಡಿಯಾರ ನೋಡಿದರು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಆಮೇಲೆ ದೊಡ್ಡ ಮನಸ್ಸು ಮಾಡಿ ನಕ್ಕರು, ಇವತ್ತು ಶುಭದಿನ, ಹಿರಿಯರ ಆಸೆ, ತೆಗೆಯೋಣ, ಹತ್ತು ನಿಮಿಷ, ಒಂದೇ ಎತ್ತು, ಫೋಟೊ ಆಗಲಿ. ನನ್ನ ಎದೆ ಹಾರಿತು, ನಾಚಿಕೆಯಿಲ್ಲದ ಎದೆ, ಇಷ್ಟು ಹೊತ್ತು ಉರಿದದ್ದೆಲ್ಲ ಮರೆತು ಹಾರಿತು, ತೆಗೀತಾರೆ, ಕುಡಿಯುತ್ತದೆ, ಬದುಕುತ್ತದೆ, ಕಲ್ಲು ಅವರದೇ ಇರಲಿ, ಧರ್ಮ ಅವರದೇ ಇರಲಿ, ಅಪ್ಪನ ಎತ್ತು ಒಂದು ಹೊಟ್ಟೆ ನೀರು ಕುಡಿಯಲಿ.

ಪ್ರದೀಪ ಗುಂಡಿ ಒತ್ತಿದ, ಬಾಗಿಲು ಗರಗರ ಅನ್ನುತ್ತ ಪಕ್ಕಕ್ಕೆ ಸರಿಯಿತು, ಒಳಗೆ ಹುಲ್ಲು, ಅಯ್ಯೋ ಎಷ್ಟು ಹುಲ್ಲು, ಎದೆಮಟ್ಟ ಒಣಗಿ ನಿಂತಿದೆ, ಮೇಯುವವರಿಲ್ಲದ ಹುಲ್ಲು, ಅದರಾಚೆ ಕಟ್ಟೆಯ ನೀರು ಮಿಣುಕುತ್ತಿದೆ, ನಾನು ವೇದಿಕೆ ಇಳಿದು ಓಡುವ ಹಾಗೆ ನಡೆಯುತ್ತಿದ್ದೇನೆ, ಅಪ್ಪ ಆಗಲೇ ಗೋಡೆಯ ಹತ್ತಿರ, ಪೇಟ ಶಾಲು ಎಲ್ಲ ಮೈಮೇಲೆ ಇದ್ದ ಹಾಗೇ, ಎತ್ತಿನ ಕಿವಿಯಲ್ಲಿ ತೆಲುಗಿನಲ್ಲಿ ಕರೆಯುತ್ತಿದ್ದಾನೆ, ರಾ ನಾಯನಾ, ರಾ, ನನ್ನನ್ನೂ ಪ್ರದೀಪನನ್ನೂ ಚಿಕ್ಕಂದಿನಲ್ಲಿ ಕರೆಯುತ್ತಿದ್ದದ್ದು ಹಾಗೇ, ದೊಡ್ಡಯ್ಯ ನಾಲಿಗೆ ಒಳಗೆಳೆದುಕೊಂಡು ತಿರುಗಿತು, ಬಂತು, ಒಂದೊಂದೇ ಹೆಜ್ಜೆ, ಪಕ್ಕೆಲುಬು ಎದ್ದು ಕಾಣುತ್ತವೆ, ಅಪ್ಪ ಅದರ ಮುಖ ನೋಡುತ್ತ ಹಿಂದು ಹಿಂದಕ್ಕೆ ನಡೆಯುತ್ತಿದ್ದಾನೆ, ರಾ ನಾಯನಾ, ಬಾಗಿಲು ದಾಟಿ ಒಳಗೆ ಹೋದ, ಎತ್ತು ನಿಂತಿತು. ಬಾಗಿಲಲ್ಲಿ. ಮೂಗು ಚಾಚಿದೆ, ನೀರಿನ ವಾಸನೆ ಬಂದಿದೆ, ಮೈ ನಡುಗುತ್ತಿದೆ, ಕಾಲು ಮಾತ್ರ ಎತ್ತುವುದಿಲ್ಲ. ರಾ, ರಾ. ಇಲ್ಲ. ಅಪ್ಪ ಆಗ ಕೆಳಗೆ ನೋಡಿದ, ಗೆರೆ ಹಾಕ್ದೋರ್ ಯಾರ್ಲೇ! ಅಂಥ ದನಿ ಅಪ್ಪನಿಗೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಗೆರೆ ಅಲ್ಲಪ್ಪ, ರಂಗೋಲಿ, ನನ್ನ ಹುಡುಗಿಯರು, ಬೆಳಿಗ್ಗೆ ವ್ಯಾನಿನಲ್ಲಿ ಕರೆತಂದು ನಾನೇ ಬಿಡಿಸಲು ಹೇಳಿದ್ದು, ಬಾಗಿಲ ಉದ್ದಕ್ಕೂ, ಮಧ್ಯೆ ನವಿಲು, ಆಚೆಯಿಂದ ಈಚೆಯವರೆಗೆ ಎರಡೆಳೆ ಬಿಳಿ ಅಂಚು, ಸೌಂದರ್ಯ ಎಷ್ಟು ಚೆನ್ನಾಗಿ ಎಳೆದಿದ್ದಾಳೆ. ನಿಂಗೇನ್ ಗೊತ್ತೇ, ಅಮಾಸೆ ಅಮಾಸೆಗೂ ರೊಪ್ಪದ ಬಾಯಿಗೆ ಬಿಳಿ ಗೆರೆ ಎಳಿತೀನಿ, ಕರು ಇದ್ದಾಗ್ಲಿಂದ ಕಲಿಸೀನಿ, ಗೆರೆ ದಾಟಲ್ಲ ಅದು, ಪ್ರಾಣ ಹೋದ್ರೂ ದಾಟಲ್ಲ, ಎಳ್ದ ಕೈಯೇ ಅಳಿಸ್ಬೇಕು. ರೊಪ್ಪ. ದೇವರೆತ್ತುಗಳ ಮುಳ್ಳುಬೇಲಿಯ ದೊಡ್ಡಿ, ಹೆಣ್ಣುಮಕ್ಕಳು ಕಾಲಿಡಬಾರದ ಜಾಗ, ಹುಟ್ಟಿದಾಗಿನಿಂದ ನಾನು ನೋಡದ ಜಾಗ. ಒಂದು ಸಲ ಒಳಗೆ ಬಿಟ್ಟಿದ್ದರೆ, ಒಂದೇ ಸಲ, ಗೊತ್ತಾಗುತ್ತಿತ್ತಲ್ಲ ಅಪ್ಪ, ನಿನಗೂ ಒಂದು ಗೋಡೆ ಬೇಕಿತ್ತಲ್ಲ, ನಿನಗೂ ಒಂದು ಸಿಹಿ ಹೆಸರು ಬೇಕಿತ್ತಲ್ಲ, ಮಡಿ. ಹಂಗಾದ್ರೆ ಅಳಿಸ್ತಾಳೆ ಬಿಡು, ಸೌಂದರ್ಯ ಬಾರೇ ಇಲ್ಲಿ, ಹುಡುಗಿ ಓಡಿ ಬಂದಳು, ಅಪ್ಪ ಕೈ ಅಡ್ಡ ಹಿಡಿದ, ಬ್ಯಾಡ, ಹೆಣ್ ಕೈ, ಮುಂದ್ಗಡೆ ದೇವ್ರೆತ್ತು ನಿಂತೈತೆ, ಬ್ಯಾಡ, ತಡಿ, ತಡಿ, ಯೋಚ್ನೆ ಮಾಡ್ತೀನಿ. ಅಪ್ಪ ಯೋಚನೆ ಮಾಡುತ್ತಿದ್ದಾನೆ. ಗೆರೆಯ ಆಚೆ ಅಪ್ಪ, ಗೆರೆಯ ಈಚೆ ಎತ್ತು, ಅಪ್ಪನ ಹಿಂದೆ ನೀರು, ಯೋಚನೆ ಮಾಡುತ್ತಿದ್ದಾನೆ. ಸಾಹೇಬರು ಹತ್ತಿರ ಬಂದು ನೋಡಿ ನಕ್ಕರು, ಪಾಪ, ಅದಕ್ಕೇ ಇಷ್ಟ ಇಲ್ಲ ಅನಿಸುತ್ತದೆ, ಮಲ್ಲಿಕಾರ್ಜುನಪ್ಪನವರು, ಎತ್ತೇ ಒಲ್ಲೆ ಅಂದ್ರೆ ನಾವೇನ್ ಮಾಡಾಕಾಗ್ತದ್ರಿ ಹುಲಿಯಪ್ನೋರೇ, ಬಾಗ್ಲಂತೂ ತೆಗ್ದೀವಿ. ನಾಳೆ ಪೇಪರಿನಲ್ಲಿ ಹೀಗೇ ಬರುತ್ತದೆ, ಬಾಗಿಲು ತೆರೆದಿತ್ತು. ಇತಿಹಾಸದಲ್ಲೂ ಹೀಗೇ ಬರೆದಿರುತ್ತಾರೆ, ಅವರೇ ಬರಲಿಲ್ಲ, ಅವರಿಗೇ ಇಷ್ಟವಿರಲಿಲ್ಲ.

ನಾನು ಬಗ್ಗಿದೆ, ರೇಷ್ಮೆ ಸೀರೆಯಲ್ಲೇ ಮಂಡಿಯೂರಿದೆ, ಎರಡೂ ಅಂಗೈಯಲ್ಲಿ ಉಜ್ಜುತ್ತಿದ್ದೇನೆ, ನವಿಲಿನ ಕತ್ತು ಹೋಯಿತು, ಅಂಚು ಹೋಗುತ್ತಿಲ್ಲ, ಬಿಡಮ್ಮಾ ಮೈಲಿಗೆ ಆಗ್ತೈತೆ ಅಂತ ಅಪ್ಪ ಕೂಗುತ್ತಿದ್ದಾನೆ, ಬಿಡುವುದಿಲ್ಲ, ಹೇಳಿ ಎಳೆಸಿದವಳು ನಾನು, ಇದು ನನ್ನ ಕೈಯ ಗೆರೆ, ನಾನೇ ಅಳಿಸುತ್ತೇನೆ, ಸೌಂದರ್ಯನೂ ಬಗ್ಗಿದಳು, ಟೈಮಾಯ್ತು ಕ್ಲೋಸ್ ಮಾಡಿ ಅಂತ ವಾಕಿಟಾಕಿ ಕಿರುಚುತ್ತಿದೆ, ಲೇ ಪ್ರದೀಪ ಒಂದು ನಿಮಿಷ ಕಣೋ, ಅಕ್ಕ ಮೇಲಿಂದ ಆರ್ಡರ್ ಐತೆ, ಒಂದೇ ನಿಮಿಷ ಕಣೋ ನಮ್ಮಪ್ಪ, ಅಕ್ಕ ಕೆಲ್ಸ ಹೋಗ್ತೈತೆ, ತಮ್ಮ ಗೆರೆ ದಾಟಿ ಒಳಗೆ ಹೋಗಿ ಅಪ್ಪನ ತೋಳು ಹಿಡಿದ, ಬಾ ಅಪ್ಪ, ಬಾರಪ್ಪ ಈಚೆ, ಅಳುತ್ತಿದ್ದಾನೆ, ಅಳುತ್ತಲೇ ಎಳೆದು ತಂದ, ಅಳುತ್ತಲೇ ಗುಂಡಿ ಒತ್ತಿದ, ಅಶೋಕನೂ ಅತ್ತಿದ್ದ. ಗರಗರ. ನೀರು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಹೋಯಿತು, ಬಾಗಿಲು ರಂಗೋಲಿಯ ಉಳಿದರ್ಧದ ಹಿಂದೆ ಹಾದು ಕೂತಿತು. ಅಪ್ಪ ಪೇಟ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾನೆ, ನನ್ನನ್ನು ನೋಡುತ್ತಿಲ್ಲ, ನಾನೂ ಅವನನ್ನು ನೋಡಲಾರೆ. ಮೈಕಿನಲ್ಲಿ, ಈಗ ಶಶಿರೇಖಾ ಮೇಡಂ ಅವರು ಶಾಸನದ ಅರ್ಥವನ್ನು ನಮಗೆಲ್ಲ ತಿಳಿಸಿಕೊಡಬೇಕು, ಮೇಡಂ, ಎಲ್ಲಿದೀರಿ, ಬರ್ರಿ. ತಂದೆತಾಯಿಗಳ ಮಾತು ಕೇಳಬೇಕು. ಪ್ರಾಣಿಗಳಲ್ಲಿ — ಅಂಗೈ ಮೇಲೆ ಏನೋ, ಬಿಳಿ ಪುಡಿ ಮೆತ್ತಿದ ಅಂಗೈ ಮೇಲೆ, ನಾನು ಯಾವತ್ತೂ ಮುಟ್ಟಬಾರದಿದ್ದ ಆ ಎತ್ತು ಕತ್ತು ಬಾಗಿಸಿ ನನ್ನ ಅಂಗೈಯನ್ನು ನೆಕ್ಕುತ್ತಿದೆ, ಅಪ್ಪನೂ ಬೇಡ ಅನ್ನುತ್ತಿಲ್ಲ, ಮೇಡಂ ಬೇಗ ಬರ್ರಿ, ಕೆಳಗಿನಿಂದ ಮೇಲಕ್ಕೆ, ಸತ್ಯ ನುಡಿಯಬೇಕು, ಕೆಳಗಿನಿಂದ ಮೇಲಕ್ಕೆ, ನಾಲಿಗೆ ಒರಟಾಗಿದೆ, ಗೋಡೆಯ ಹಾಗಿದೆ, ಒಣಗಿದೆ, ನಾಲಿಗೆ, ನನ್ನ ಅಂಗೈ ಒದ್ದೆಯೇ ಆಗುತ್ತಿಲ್ಲ, ಇಷ್ಟು ನೆಕ್ಕಿದರೂ ಒದ್ದೆಯೇ ಆಗುತ್ತಿಲ್ಲ